ಹಳೇ ಜೆನ್, ದಿಢೀರ್ ಕೂಲಂಟ್ ಲೀಕ್, ನೆಲದ ಮೇಲೆ ಒಂದ್ ಹನಿನೂ ಇಲ್ಲ. ಹೆಡ್ ಗ್ಯಾಸ್ಕೆಟ್ಟೇ ಇರ್ಬೋದಾ?

ಹಳೇಜೆನ್_ಮಂಡ್ಯ

ಎಲ್ರಿಗೂ ನಮಸ್ಕಾರ. ಗಾಡಿ 2004ರ ಪೆಟ್ರೋಲ್ ಮಾರುತಿ ಜೆನ್ ಕಾರು, ಕೆಎ 11, ಅಪ್ಪ ತಗೊಂಡಿದ್ದು. ಹದಿನೈದು ವರ್ಷ ಆದ್ಮೇಲೆ ಆರ್‌ಟಿಓಲಿ ಎಫ್‌ಸಿ ಮಾಡ್ಸಿ ಆರ್‌ಸಿ ರಿನೀವಲ್ಲೂ ಆಗಿದೆ, ಅದಕ್ಕೇ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅನ್ನೋ ಉಪದೇಶ ಮಾತ್ರ ಬೇಡ ದಯವಿಟ್ಟು.

ವಿಷಯ ಏನಪ್ಪಾ ಅಂದ್ರೆ ಭಾನುವಾರ ಮನೆಯವರನ್ನೆಲ್ಲ ಕೂರಿಸ್ಕೊಂಡು ಮೈಸೂರಿಗೆ ಹೊರಟಿದ್ವಿ, ಎಕ್ಸ್‌ಪ್ರೆಸ್‌ವೇ ಹತ್ಲಿಲ್ಲ, ಸರ್ವೀಸ್ ರೋಡಲ್ಲೇ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕೊಂಡು ಸೆಕೆಂಡ್ ಗೇರಲ್ಲಿ ತೆವಳ್ತಾ ಇದ್ವಿ, ಬಾಬುರಾಯನಕೊಪ್ಪಲು ಹತ್ರ ಬರೋಷ್ಟ್ರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟ್ತು, ಏನೋ ಸಿಹಿ ಸಿಹಿ ವಾಸನೆ, ಬಾನೆಟ್ ಸಂದಿಯಿಂದ ತೆಳ್ಳಗೆ ಹಬೆ. ಸೈಡಿಗೆ ಹಾಕೋಣ ಅಂತ ಇಂಡಿಕೇಟರ್ ಹಾಕಿದೀನಿ, ಅಷ್ಟ್ರಲ್ಲಿ ಮುಳ್ಳು ತಾನಾಗೇ ಸರ್ರಂತ ಕೆಳಗಿಳಿದು ತಣ್ಣಗಿದೆ ಅನ್ನೋ ಸಿ ಗುರುತಿನ ಹತ್ರ ಹೋಗಿ ಕೂತ್ಕೊಳ್ತು. ಇದು ನಂಗೆ ಇನ್ನೂ ಅರ್ಥ ಆಗಿಲ್ಲ.

ಆಫ್ ಮಾಡಿ, ಕಬ್ಬಿನ ಹಾಲು ಕುಡ್ಕೊಂಡು ಚೆನ್ನಾಗಿ ಆರೋವರೆಗೂ ಕಾದು, ಆಮೇಲೆ ಬಟ್ಟೆ ಹಿಡ್ಕೊಂಡು ಕ್ಯಾಪ್ ತೆಗೆದ್ರೆ ರೇಡಿಯೇಟರಲ್ಲಿ ನೀರೇ ಕಾಣಲ್ಲ, ಪಕ್ಕದ ಬಾಟ್ಲೂ ಖಾಲಿ. ಒಂದೂವರೆ ಲೀಟರ್‌ಗೂ ಜಾಸ್ತಿ ಕುಡೀತು. ವಾಪಸ್ ನಿಧಾನಕ್ಕೆ ಮಂಡ್ಯಕ್ಕೆ ಬಂದ್ವಿ. ರಾತ್ರಿ ಗಾಡಿ ಕೆಳಗೆ ಪೇಪರ್ ಹಾಸಿಟ್ಟೆ, ಬೆಳಗ್ಗೆ ನೋಡಿದ್ರೆ ಪೇಪರ್ ಒಣಗಿದ ಹಾಗೇ ಇದೆ. ಆದ್ರೆ ಓಡಿಸಿದ್ರೆ ಮತ್ತೆ ನೀರು ಕಮ್ಮಿ ಆಗುತ್ತೆ.

ಇಲ್ಲೊಂದು ವರ್ಕ್‌ಶಾಪಲ್ಲಿ ತೋರ್ಸಿದೆ, ಹೊರಗಡೆ ಲೀಕ್ ಕಾಣ್ತಿಲ್ಲ ಅಂದ್ರೆ ಒಳಗೇ ಕುಡೀತಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯ ಇರೋ ಸೀಲು) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ ಹೊಡೆಸ್ಬೇಕು, ಅಂದ್ರೆ ಅದರ ತಳ ಉಜ್ಜಿ ಸಮ ಮಾಡಿಸ್ಬೇಕು, ಹದಿನೆಂಟು ಇಪ್ಪತ್ತು ಸಾವಿರ ಇಟ್ಕೊಂಡಿರಿ ಅಂದ್ರು. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ್ದು ಅಷ್ಟೇ. ಏನ್ ಮಾಡ್ಲಿ?

ಸ್ಪ್ಯಾನರ್_ಮೈಸೂರು

ಹೆಡ್ ಇಳಿಸೋಕೆ ಈಗ್ಲೇ ಒಪ್ಕೋಬೇಡಿ. ಎರಡು ನಿಮಿಷ ನೋಡಿ ಹೆಡ್ ಗ್ಯಾಸ್ಕೆಟ್ ಅಂತ ಹೇಳೋಕೆ ಯಾರಿಗೂ ಆಗಲ್ಲ ಸಾರ್, ನಾನೂ ಇದೇ ಕೆಲ್ಸ ಮಾಡೋನು.

ಮೊದ್ಲು ಮುಳ್ಳಿನ ವಿಷಯ. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾದ ಲೆಕ್ಕ ಕೊಡೋದು. ನೀರು ಇಳಿದು ಸೆನ್ಸರ್ ಸುತ್ತ ಬರೀ ಗಾಳಿ ಹಬೆ ಉಳಿದ್ರೆ ಇಂಜಿನ್ ಕೆಂಡ ಆಗಿದ್ರೂ ಮುಳ್ಳು ಕೆಳಗೆ ಬೀಳುತ್ತೆ. ಎಷ್ಟೋ ಜನ ಇದನ್ನ ನೋಡಿ ಅಬ್ಬಾ ತಣ್ಣಗಾಯ್ತು ಅಂತ ಇನ್ನೊಂದ್ ಹತ್ತು ಕಿಲೋಮೀಟರ್ ಓಡ್ಸಿ ಹೆಡ್ ಬೆಂಡ್ ಮಾಡ್ಕೊಂಡು ಬರ್ತಾರೆ. ನೀವು ಅಲ್ಲೇ ನಿಲ್ಸಿದ್ದು, ಬಿಸಿ ಇಂಜಿನ್‌ಗೆ ತಣ್ಣೀರು ಸುರೀದೆ ಕಾದಿದ್ದು ಎರಡೂ ಒಳ್ಳೇದಾಯ್ತು.

ಈಗ ಇಷ್ಟು ಹೇಳಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಲ್ಲಿ ಬಿಳೀ ಹೊಗೆ ಬಂದು ಬಿಸಿ ಆದ್ಮೇಲೂ ನಿಲ್ಲದೇ ಬರ್ತಾನೇ ಇರುತ್ತಾ? ಆಯಿಲ್ ಕ್ಯಾಪ್ ಒಳಗೆ ಕಾಫಿ ಬಣ್ಣದ ನೊರೆ ಕೂತಿದ್ಯಾ? ತಣ್ಣಗಿದ್ದಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದ್ರೆ ನೀರಲ್ಲಿ ಗುಳ್ಳೆ ಬಿಡದೇ ಬರ್ತಾ ಇರುತ್ತಾ? ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಇಂಜಿನ್ ಇನ್ನೂ ಬೆಚ್ಚಗೂ ಆಗಿರಲ್ಲ, ಆಗ್ಲೇ ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪು) ಕಲ್ಲಾಗುತ್ತಾ? ಇನ್ನೊಂದು, ಇತ್ತೀಚೆಗೆ ಕೂಲಿಂಗ್ ಸಿಸ್ಟಮಲ್ಲಿ ಏನಾದ್ರೂ ಬದಲಾಯಿಸಿದ್ರಾ, ಸಣ್ಣದಾದ್ರೂ ಪರ್ವಾಗಿಲ್ಲ, ಹೇಳಿ.

ಮದ್ದೂರ್_ವಡೆ

ಅಣ್ಣ ತಲೆ ಕೆಡಿಸ್ಕೋಬ್ಯಾಡಿ, ಎರಡ್ ಚಮ್ಚ ಅರಿಶಿನ ಪುಡಿ ರೇಡಿಯೇಟರ್‌ಗೆ ಹಾಕಿ ಓಡ್ಸಿ, ಎಲ್ ತೂತಿದ್ರೂ ಮುಚ್ಕತದೆ. ನಮ್ಮ ಮಾವ ಲಾರಿ ಓಡಿಸ್ತಿದ್ದಾಗ ಇದೇ ಮಾಡ್ತಿದ್ದಿದ್ದು ಕನಣ್ಣ, ಬೊಂಬಾಯಿಗಂಟ ಹೋಗ್ಬುಟ್ಟು ಬತ್ತಿದ್ರು.

ಅಂಬಾಸಡರ್_ಮೇಷ್ಟ್ರು

ಮದ್ದೂರಿನವರೇ, ನಿಮ್ಮ ಮಾವನವರು ಓಡಿಸ್ತಿದ್ದ ಲಾರಿಯ ರೇಡಿಯೇಟರ್ ತಾಮ್ರ ಹಿತ್ತಾಳೇದು, ಒಳಗಿನ ಟ್ಯೂಬ್ ಅಗಲ, ಅರಿಶಿನ ಹಾಕಿದ್ರೂ ಆಮೇಲೆ ಬಿಚ್ಚಿ ಕಡ್ಡಿ ಆಡಿಸಿ ಬೆಸುಗೆ ಹಾಕೋರು ಸಿಗ್ತಿದ್ರು. ಈಗಿನದು ತೆಳ್ಳಗಿನ ಅಲ್ಯೂಮಿನಿಯಂ ಟ್ಯೂಬು, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕು. ಪುಡಿ ತೂತನ್ನೇ ಹುಡುಕ್ಕೊಂಡು ಹೋಗಿ ಕೂರಲ್ಲ, ಎಲ್ಲಿ ಕಿರಿದಾಗಿದೆಯೋ ಅಲ್ಲೆಲ್ಲ ಕೂರುತ್ತೆ, ಮೊದಲು ಕಟ್ಟೋದೇ ಹೀಟರ್ ಕೋರು, ಅದೇ ಕಾರೊಳಗೆ ಬಿಸಿ ಗಾಳಿ ಕೊಡೋ ಪುಟ್ಟ ರೇಡಿಯೇಟರು. ಅಂಗಡೀಲಿ ಸಿಗೋ ಸ್ಟಾಪ್ ಲೀಕ್ ಬಾಟಲಿಗೂ ಇದೇ ಮಾತು. ರಾತ್ರಿ ಹೊತ್ತು ಕಾಡು ದಾರೀಲಿ ಸಿಕ್ಕಾಕೊಂಡ್ರೆ ಹಾಕಿ, ಬೇಡ ಅನ್ನಲ್ಲ, ಮನೆ ಮುಂದೆ ನಿಂತಿರೋ ಗಾಡಿಗೆ ಯಾಕೆ?

ಮದ್ದೂರ್_ವಡೆ

ಆಯ್ತು ಬುಡಿ ಮೇಷ್ಟ್ರೇ, ಅರಿಶಿನ ಸಾರಿಗೇ ಹಾಕಂತೀವಿ 😄

ಹಳೇಜೆನ್_ಮಂಡ್ಯ

ಸ್ಪ್ಯಾನರ್ ಸಾರ್, ನೀವ್ ಹೇಳಿದ್ದೆಲ್ಲ ನೋಡ್ದೆ. ಬಿಳೀ ಹೊಗೆ ಇಲ್ಲ, ಬೆಳಗ್ಗೆ ಒಂಚೂರು ಬರುತ್ತೆ ಆಮೇಲೆ ನಿಲ್ಲುತ್ತೆ. ಆಯಿಲ್ ಚೆನ್ನಾಗಿದೆ, ನೊರೆ ಇಲ್ಲ. ಗುಳ್ಳೆ ಮೊದಲು ಒಂದೆರಡು ಬಂತು ಆಮೇಲೆ ಏನಿಲ್ಲ. ಹೋಸ್ ತಣ್ಣಗಿದ್ದಾಗ ಮೆತ್ತಗೇ ಇದೆ.

ಬದಲಾಯಿಸಿದ್ದು ಅಂದ್ರೆ ರೇಡಿಯೇಟರ್ ಕ್ಯಾಪ್ ಒಂದೇ. ಹೋದ್ ತಿಂಗ್ಳು ಆಯಿಲ್ ಸರ್ವೀಸ್‌ಗೆ ಬಿಟ್ಟಾಗ ಕ್ಯಾಪ್ ರಬ್ಬರ್ ಸೀಳೋಗಿದೆ ಅಂತ ಹೊಸದು ಹಾಕ್ಕೊಟ್ರು, ಅದೇ ನಂಬರಿಂದು, 0.9. ಕೂಲಂಟ್ ವಿಷ್ಯಕ್ಕೆ ಬಂದ್ರೆ ಅಪ್ಪನ ಕಾಲದಿಂದಲೂ ನಮ್ಮನೆ ಬೋರ್ ನೀರೇ ಹಾಕ್ಕೊಂಡು ಬಂದಿರೋದು, ಯಾವಾಗ್ಲೋ ಒಂದ್ಸಲ ಹಸಿರು ಕೂಲಂಟ್ ಬೆರ್ಸಿದ್ರಂತೆ.

ಸ್ಪ್ಯಾನರ್_ಮೈಸೂರು

ಸಿಕ್ತು ನೋಡಿ. ಕ್ಯಾಪ್ ಕೆಟ್ಟದ್ದು ಅಂತಲ್ಲ, ಕ್ಯಾಪ್ ಸರಿ ಇದೆ ಅಂತಾನೇ ಲೀಕ್ ಶುರುವಾಗಿರೋದು.

ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳ್ಳಿ. ಮೈಸೂರು ಮಂಡ್ಯ ಕಡೆ ನಾವಿರೋ ಎತ್ತರಕ್ಕೆ ಬೋಗುಣೀಲಿಟ್ಟ ನೀರು 97 ಡಿಗ್ರಿ ಚಿಲ್ಲರೆಗೇ ಕುದಿಯುತ್ತೆ. ಇಂಜಿನ್ ಕೆಲಸ ಮಾಡೋದೇ 90ರ ಆಸುಪಾಸಲ್ಲಿ, ಸಿಲಿಂಡರ್ ತಲೆ ಹತ್ರ ಇನ್ನೂ ಜಾಸ್ತಿ. ಅದಕ್ಕೇ ಕ್ಯಾಪಲ್ಲಿ ಸ್ಪ್ರಿಂಗ್ ಇಟ್ಟಿರೋದು, ಕುಕ್ಕರ್ ವೆಯ್ಟ್ ಇದ್ದ ಹಾಗೆ. 0.9 ಅಂದ್ರೆ ಅಷ್ಟು ಕೆಜಿ ಪ್ರೆಶರ್ ಆಗೋವರೆಗೂ ಬಿಡಲ್ಲ, ಹಾಗಾಗಿ ಬರೀ ನೀರೇ 117ರ ಹತ್ರ ಹೋಗೋವರೆಗೂ ಕುದಿಯಲ್ಲ, ಅರ್ಧಕ್ಕರ್ಧ ಕೂಲಂಟ್ ಇದ್ರೆ ಇನ್ನೂ ಎಂಟು ಹತ್ತು ಡಿಗ್ರಿ ಮೇಲೆ.

ನಿಮ್ಮ ಹಳೇ ಕ್ಯಾಪಿನ ರಬ್ಬರ್ ಸೀಳಿ ಎಷ್ಟು ವರ್ಷ ಆಗಿತ್ತೋ ಏನೋ, ಅಷ್ಟು ದಿನಾನೂ ಸಿಸ್ಟಮಲ್ಲಿ ಪ್ರೆಶರ್ರೇ ನಿಂತಿಲ್ಲ, ಹೆಚ್ಚಾಗಿದ್ದು ಬಾಟ್ಲಿಗೆ ಹೋಗ್ತಿತ್ತು, ನೀವು ಆಗಾಗ ನೀರು ಹಾಕ್ಕೊಂಡು ಓಡಿಸ್ತಿದ್ರಿ. ಈಗ ಸರಿಯಾದ ಕ್ಯಾಪ್ ಬಂತು, ಪೂರ್ತಿ ಪ್ರೆಶರ್ ನಿಲ್ತು, ಇಪ್ಪತ್ತು ವರ್ಷದಲ್ಲಿ ಎಲ್ಲಿ ಸವೆದಿದೆಯೋ ಅಲ್ಲಿ ಕಿತ್ಕೊಂಡು ಬಂತು. ತಣ್ಣಗಾದ್ಮೇಲೆ ಪ್ರೆಶರ್ ಇಲ್ಲ, ಅದಕ್ಕೇ ನಿಮ್ಮ ಪೇಪರ್ ಒಣಗಿರೋದು. ಓಡ್ತಿದ್ದಾಗ ಮಾತ್ರ ಸೋರುತ್ತೆ, ಸೋರಿದ್ದು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತೆ, ಉಳಿದಿದ್ದು ಗಾಳಿಗೆ ಹಾರೋಗುತ್ತೆ.

ಹಾಗಂತ ಮತ್ತೆ ಹಳೇ ಕ್ಯಾಪ್ ಹಾಕ್ಬೇಡಿ, ಕೆಲವು ಮಹಾನುಭಾವರು ಅದನ್ನೂ ಹೇಳ್ತಾರೆ.

ಮಾಡ್ಬೇಕಾಗಿರೋದು ಪ್ರೆಶರ್ ಟೆಸ್ಟ್. ಕೈಪಂಪ್ ಥರ ಇರುತ್ತೆ, ಮೇಲೊಂದು ಗೇಜು, ಕ್ಯಾಪ್ ಜಾಗಕ್ಕೆ ಸಿಗಿಸ್ತಾರೆ. ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ನೀರು ಬಾಯಿವರೆಗೂ ತುಂಬಿರ್ಬೇಕು. 0.9ರವರೆಗೂ ಪಂಪ್ ಮಾಡಿ ಬಿಡೋದು, ಅದಕ್ಕಿಂತ ಜಾಸ್ತಿ ಬೇಡ. ಹತ್ತು ಹದಿನೈದು ನಿಮಿಷ ಗೇಜ್ ಅಲ್ಲಾಡದೇ ನಿಂತ್ರೆ ಸರಿ, ಇಳೀತಾ ಇದ್ರೆ ಎಲ್ಲೋ ಹೋಗ್ತಿದೆ. ಇಂಜಿನ್ ಆಫ್ ಇರೋದ್ರಿಂದ ಫ್ಯಾನ್ ಸದ್ದಿಲ್ಲ, ಬಿಸಿ ಇಲ್ಲ, ಕೈ ಹಾಕಿ ತಡಕ್ಬೋದು, ಕಿವಿ ಕೊಟ್ರೆ ಸೀ ಅಂತ ಸದ್ದೂ ಕೇಳ್ಸುತ್ತೆ. ಗೇಜ್ ಇಳೀತಿದೆ, ಹೊರಗಡೆ ಎಲ್ಲೂ ಒದ್ದೆ ಇಲ್ಲ, ಕಾರ್ಪೆಟ್ಟೂ ಒಣಗಿದೆ ಅಂದ್ರೆ ಮಾತ್ರ ಒಳಗಿನ ಮಾತು. ಆಗ್ಲೂ ಹೆಡ್ ಇಳಿಸೋ ಮುಂಚೆ ಆ ನೀಲಿ ದ್ರಾವಣದ ಟೆಸ್ಟ್ ಇದೆ, ರೇಡಿಯೇಟರ್ ಬಾಯಿಂದ ಬರೋ ಗಾಳೀನ ಅದರೊಳಗೆ ಎಳೀತಾರೆ, ಸಿಲಿಂಡರ್ ಗ್ಯಾಸ್ ಸೇರಿದ್ರೆ ಹಳದಿಗೆ ತಿರುಗುತ್ತೆ. ಇಷ್ಟೆಲ್ಲ ಆದ್ಮೇಲೆ ಹೆಡ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕೋದು.

ಕೆಎ09_ಸ್ಯಾಂಟ್ರೋ

ಟೆಸ್ಟ್‌ಗೆ ಹೋಗೋ ಮುಂಚೆ ಮನೇಲೇ ಒಂದೆರಡು ನೋಡ್ಕೊಳ್ಳಿ ಗುರು. ಮುಂದಿನ ಪ್ಯಾಸೆಂಜರ್ ಕಾಲಿಡೋ ಜಾಗದಲ್ಲಿ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜ್ ಒತ್ತಿ ನೋಡಿ. ನಂದು ಸ್ಯಾಂಟ್ರೋದಲ್ಲಿ ಹೀಗೇ ನೀರು ಮಾಯ ಆಗ್ತಿತ್ತು, ಗ್ಲಾಸ್ ಒಳಗಡೆ ಜಿಡ್ಡು ಜಿಡ್ಡಾಗಿ ಮಂಜು ಹಿಡೀತಿತ್ತು, ಒರೆಸಿದ್ರೂ ಹೋಗ್ತಿರ್ಲಿಲ್ಲ, ನಾವು ಎಸಿ ನೀರು ಒಳಗೆ ಬರ್ತಿದೆ ಅಂತ ಎಸಿಯವನ ಹತ್ರ ಹೋಗಿ ಡ್ರೈನ್ ಪೈಪ್ ಕ್ಲೀನ್ ಮಾಡಿಸ್ಕೊಂಡು ಬಂದ್ವಿ, ನೋಡಿದ್ರೆ ಹೀಟರ್ ಕೋರ್ ತೂತಾಗಿತ್ತು. ಎಸಿ ನೀರು ಬೆರಳಲ್ಲಿ ಉಜ್ಜಿದ್ರೆ ಬರೀ ನೀರು, ಕೂಲಂಟ್ ಆದ್ರೆ ಎಣ್ಣೆ ಥರ ಜಾರುತ್ತೆ. ಮೂಸಿ ನೋಡಿ, ನೆಕ್ಕಿ ನೋಡ್ಬೇಡಿ, ಅದು ವಿಷ.

ಇನ್ನೊಂದು ವಾಟರ್ ಪಂಪ್. ಪುಲ್ಲಿ ಹಿಂದೆ ಪಂಪಿನ ಹೊಟ್ಟೇಲಿ ಒಂದು ಸಣ್ಣ ತೂತು ಇರುತ್ತೆ, ಒಳಗಿನ ಸೀಲ್ ಹೋದ್ರೆ ನೀರು ಬೇರಿಂಗ್‌ಗೆ ಹೋಗದೇ ಹೊರಗೆ ಬರ್ಲಿ ಅಂತಾನೇ ಇಟ್ಟಿರೋದು. ಅದರ ಕೆಳಗೆ ಒಣಗಿದ ಬಿಳಿ ಇಲ್ಲಾ ಹಸಿರು ಕರೆ ಇದ್ರೆ ಪಂಪ್ ಮುಗೀತು. ಆ ತೂತಿಗೆ ಎಂಸೀಲ್ ಮೆತ್ತಿರೋ ಗಾಡೀನೂ ನೋಡಿದೀನಿ, ಏನ್ ಹೇಳೋಣ.

ಹಳೇಜೆನ್_ಮಂಡ್ಯ

ಕಾರ್ಪೆಟ್ ಒಣಗಿದೆ. ಪಂಪ್ ಹತ್ರ ಕರೆ ಇಲ್ಲ, ಪುಲ್ಲಿ ಹಿಡಿದು ಅಲ್ಲಾಡಿಸಿದ್ರೆ ಆಟಾನೂ ಇಲ್ಲ. ಪ್ರೆಶರ್ ಟೆಸ್ಟರ್ ಇರೋರು ಮಂಡ್ಯದಲ್ಲಿ ಕೇಳ್ದೆ, ಕೆಲವರು ಅದೇನು ಅಂದ್ರು. ಬನ್ನಿಮಂಟಪದ ಕಡೆ ಒಬ್ರ ಹತ್ರ ಇದೆ ಅಂತ ಗೊತ್ತಾಯ್ತು. ಗಾಡಿ ಓಡಿಸ್ಕೊಂಡು ಹೋಗ್ಲಾ, ಟೋ ಮಾಡಿಸ್ಲಾ?

ಅಂಬಾಸಡರ್_ಮೇಷ್ಟ್ರು

ಓಡಿಸ್ಕೊಂಡು ಹೋಗೋದಾದ್ರೆ ಬೆಳಗಿನ ಜಾವ ಹೊರಡಿ, ಎಸಿ ಬೇಡ, ಐದು ಲೀಟರ್ ಕ್ಯಾನ್ ತುಂಬಿಸ್ಕೊಳ್ಳಿ. ಮುಳ್ಳು ಅರ್ಧ ದಾಟಿದ್ರೆ ಹೀಟರನ್ನ ಫುಲ್ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ, ಸೆಕೆಗೆ ಬೇಯ್ತೀರ ಆದ್ರೆ ಇಂಜಿನ್ ಶಾಖ ಒಂದಷ್ಟು ಅದರಲ್ಲಿ ಹೋಗುತ್ತೆ. ಆ ಹೀಟರಿಂದ ಇದ್ದಕ್ಕಿದ್ದ ಹಾಗೆ ತಣ್ಣನೆ ಗಾಳಿ ಬರೋಕೆ ಶುರುವಾದ್ರೆ ನೀರು ಖಾಲಿ ಅಂತ ಲೆಕ್ಕ, ಮುಳ್ಳು ಏನೇ ಹೇಳ್ಲಿ, ಅಲ್ಲೇ ಆಫ್ ಮಾಡಿ.

ಎಕ್ಸ್‌ಪ್ರೆಸ್‌ವೇ ಮಾತ್ರ ಹತ್ಬೇಡಿ, ಮಧ್ಯ ನಿಂತ್ರೆ ಪಕ್ಕಕ್ಕೆ ಇಳಿಯೋಕೆ ಜಾಗ ಇಲ್ಲ, ಹಿಂದಿಂದ ನೂರರಲ್ಲಿ ಬರ್ತಿರ್ತಾರೆ. ಯಾವತ್ತಾದ್ರೂ ಅಲ್ಲಿ ಸಿಕ್ಕಾಕೊಂಡ್ರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ಎಲ್ರೂ ತಡೆಬೇಲಿ ಆಚೆಗೆ ಹೋಗಿ ನಿಂತ್ಕೊಳ್ಳಿ, ಬಾನೆಟ್ ಎತ್ತಿ ನೋಡ್ತಾ ನಿಲ್ಲೋ ಜಾಗ ಅಲ್ಲ ಅದು.

ಹಳೇಜೆನ್_ಮಂಡ್ಯ

ಸಿಕ್ತು ಸಿಕ್ತು ಸಿಕ್ತು!! ಹೆಡ್ ಗ್ಯಾಸ್ಕೆಟ್ ಅಲ್ಲ.

ಬೆಳಗ್ಗೆ ಹೋಗಿ ಗಾಡಿ ಬಿಟ್ಟು, ಆರೋಕೆ ಅಂತ ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದೆ. ಟೆಸ್ಟರ್ ಸಿಗಿಸಿ ಪಂಪ್ ಮಾಡಿದ್ರು, ಮುಳ್ಳು 0.9ಕ್ಕೆ ಬಂತು, ಒಂದರ್ಧ ನಿಮಿಷ ನಿಂತಂಗಾಯ್ತು, ಆಮೇಲೆ ಮೆಲ್ಲಗೆ 0.8, 0.7, ಕಣ್ಣೆದುರೇ ಇಳೀತು. ಮುಂದೆ ಎಲ್ಲೂ ಒದ್ದೆ ಇಲ್ಲ. ಅವರು ರೇಡಿಯೋ ಆಫ್ ಮಾಡಿ ಅಂತ ಹುಡುಗನಿಗೆ ಹೇಳಿ ಸುಮ್ನೆ ನಿಂತು ಕೇಳಿಸ್ಕೊಂಡ್ರು, ಆಮೇಲೆ ಟಾರ್ಚೂ ಡೆಂಟಿಸ್ಟ್ ಹತ್ರ ಇರೋ ಥರದ್ದೊಂದು ಸಣ್ಣ ಕನ್ನಡೀನೂ ಇಂಜಿನ್ ಹಿಂದುಗಡೆಗೆ ತೂರಿಸಿ ಬನ್ನಿ ನೋಡಿ ಅಂದ್ರು. ಬ್ಲಾಕ್ ಪಕ್ಕದಲ್ಲಿ ಒಂದು ಕಬ್ಬಿಣದ ವಾಟರ್ ಪೈಪ್ ಹೋಗುತ್ತಲ್ಲ, ಅದಕ್ಕೆ ಹೋಸ್ ಕೂರೋ ಜಾಗ, ಕ್ಲಿಪ್ ಅಂಚಿಂದ ಕೂದಲೆಳೆಯಷ್ಟು ಸಣ್ಣಗೆ ನೀರು ಚಿಮ್ಮಿ ಬ್ಲಾಕಿಗೆ ಹೊಡೀತಿತ್ತು. ಅಲ್ಲಿ ಬ್ಲಾಕ್ ಮೇಲೆಲ್ಲ ಇಟ್ಟಿಗೆ ಬಣ್ಣದ ಕರೆ, ಮೇಲಿಂದ ನೋಡಿದ್ರೆ ಏನೂ ಕಾಣಲ್ಲ.

ಕ್ಲಿಪ್ ಬಿಚ್ಚಿ ಹೋಸ್ ಎಳೆದ್ರೆ ಪೈಪಿನ ತುದಿ ಹೋಸ್ ಜೊತೆಗೇ ಚಕ್ಕೆ ಚಕ್ಕೆಯಾಗಿ ಬಂತು. ಬೆರಳಲ್ಲಿ ಒತ್ತಿದ್ರೆ ಪುಡಿಯಾಗುತ್ತೆ. ಒಳಗೆ ತುಕ್ಕು, ತುಕ್ಕಿನ ಮೇಲೆ ಬಿಳೀ ಗಟ್ಟಿ ಪೊರೆ. ರಬ್ಬರ್ ಹೋಸೇ ಅದನ್ನ ಇಷ್ಟು ದಿನ ಹಿಡ್ಕೊಂಡಿತ್ತು ಅಂತ ಕಾಣುತ್ತೆ.

ಈಗ ಪ್ರಶ್ನೆ, ಅದೇ ಪೈಪಿಗೆ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿ ತುದಿ ಕೂರಿಸ್ಲಾ ಅಂತ ಕೇಳ್ತಿದ್ದಾರೆ, ಹೊಸ ಪೈಪ್ ಹುಡುಕ್ಲಾ?

ಸ್ಪ್ಯಾನರ್_ಮೈಸೂರು

ತುದಿ ಅಷ್ಟು ತಿಂದಿದೆ ಅಂದ್ರೆ ಮಿಕ್ಕ ಪೈಪೂ ಒಳಗಿಂದ ತೆಳ್ಳಗಾಗಿರುತ್ತೆ, ಬ್ರೇಜಿಂಗ್ ಶಾಖಕ್ಕೆ ಪಕ್ಕದಲ್ಲಿ ಇನ್ನೊಂದು ತೂತಾಗುತ್ತೆ. ಹೊಸ ಪೈಪ್ ಹಾಕಿ. ಹಳೇ ಪೈಪನ್ನ ಕೈಲಿ ಹಿಡ್ಕೊಂಡೇ ಸ್ಪೇರ್ ಅಂಗಡಿಗೆ ಹೋಗಿ, ಬಾಯಲ್ಲಿ ಹೇಳಿದ್ರೆ ಬೇರೇದು ಕೊಡ್ತಾರೆ. ಸಿಗದೇ ಹೋದ್ರೆ ಅದೇ ಅಳತೆಗೆ ಸ್ಟೈನ್‌ಲೆಸ್ ಪೈಪಲ್ಲಿ ಮಾಡ್ಸಿ, ಆದ್ರೆ ಹೋಸ್ ಕೂರೋ ತುದೀಲಿ ಉಬ್ಬು ಇರ್ಲೇಬೇಕು ಅಂತ ಹೇಳಿ. ಬರೀ ನೇರ ಕೊಳವೆ ಕೊಟ್ರೆ ಪ್ರೆಶರ್‌ಗೆ ಹೋಸ್ ಜಾರುತ್ತೆ.

ಪೈಪ್ ಇನ್ನೊಂದು ತುದಿ ಕೂರೋ ಕಡೆ ರಬ್ಬರ್ ರಿಂಗೋ ಗ್ಯಾಸ್ಕೆಟ್ಟೋ ಏನಿದ್ರೂ ಹೊಸದೇ ಹಾಕ್ಸಿ. ಹಾಗೇ ಮೇಲಿನ ಕೆಳಗಿನ ಹೋಸು, ಹೀಟರ್ ಹೋಸೆರಡು, ಬೈಪಾಸ್ ಹೋಸು ಎಲ್ಲಾ ಒಟ್ಟಿಗೆ ಬದಲಾಯಿಸ್ಬಿಡಿ. ಈಗ ಪ್ರೆಶರ್ ನಿಲ್ಲುತ್ತೆ, ಮುಂದಿನ ಸರದಿ ಅವುಗಳದ್ದೇ. ಬ್ಲಾಕಿಗೆ ಹೊಡೆದಿರೋ ಡಮ್ಮಿ ಪ್ಲಗ್‌ಗಳ (ಬ್ಲಾಕಿನ ತೂತು ಮುಚ್ಚೋ ಲೋಹದ ಬಿಲ್ಲೆಗಳು) ಸುತ್ತಾನೂ ತುಕ್ಕಿನ ಗೆರೆ ಇದ್ಯಾ ಅಂತ ಟಾರ್ಚ್ ಹಾಕಿ ನೋಡೋಕೆ ಹೇಳಿ. ಅವೂ ಬೋರ್ ನೀರಿಗೆ ತೂತಾಗ್ತವೆ.

ಕೆಎ09_ಸ್ಯಾಂಟ್ರೋ

ಕ್ಲಿಪ್ ಸಿಕ್ಕಾಪಟ್ಟೆ ಟೈಟ್ ಮಾಡಿಸ್ಬೇಡಿ, ರಬ್ಬರ್ ಕಟ್ ಆಗುತ್ತೆ. ಒಂದಷ್ಟು ಓಡ್ಸಿ ತಣ್ಣಗಾದ್ಮೇಲೆ ಇನ್ನೊಂದ್ಸಲ ಚೆಕ್ ಮಾಡಿದ್ರೆ ಸಾಕು.

ಹಳೇಜೆನ್_ಮಂಡ್ಯ

ಪೈಪ್ ಸಿಕ್ತು, ಹೋಸ್ ಸೆಟ್ಟೂ ಸಿಕ್ತು. ಮೆಕ್ಯಾನಿಕ್ಕು ಒಂದ್ ಮಾತು ಹೇಳಿದ್ರು, ಥರ್ಮೋಸ್ಟಾಟ್ ವಾಲ್ ಕಿತ್ತಾಕ್ಬಿಡ್ಲಾ, ಇನ್ಯಾವತ್ತೂ ಹೀಟ್ ಆಗಲ್ಲ ಅಂತ. ಹೂಂ ಅನ್ಲಾ?

ಅಂಬಾಸಡರ್_ಮೇಷ್ಟ್ರು

ಬೇಡ ಬೇಡ ಬೇಡ. ಇದೊಂದು ರೋಗ ನಮ್ಮ ಕಡೆ. ಆ ವಾಲ್ ಸುಮಾರು 82 ಡಿಗ್ರಿವರೆಗೂ ನೀರನ್ನ ರೇಡಿಯೇಟರ್‌ಗೆ ಬಿಡದೇ ಇಂಜಿನನ್ನ ಬೇಗ ಬಿಸಿ ಮಾಡುತ್ತೆ. ಕಿತ್ತಾಕಿದ್ರೆ ಡಿಸೆಂಬರ್ ಚಳೀಲಿ ಇಂಜಿನ್ ಕಾವಿಗೇ ಬರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಒಳಗೆ ಸವೆತಾನೂ ಜಾಸ್ತಿ. ಸಂಶಯ ಇದ್ರೆ ಒಂದು ಪಾತ್ರೇಲಿ ನೀರು ಕಾಯಿಸಿ ವಾಲ್ ದಾರಕ್ಕೆ ಕಟ್ಟಿ ಇಳಿಬಿಡಿ, ಕುದಿಯೋಷ್ಟ್ರಲ್ಲಿ ತೆರ್ಕೊಂಡ್ರೆ ಸರಿ ಇದೆ, ಇಲ್ಲಾಂದ್ರೆ ಹೊಸದು ಹಾಕಿ. ಮನೆಯವರ ಪಾತ್ರೆ ಬಳಸ್ಬೇಡಿ ಮತ್ತೆ.

ಸ್ಪ್ಯಾನರ್_ಮೈಸೂರು

ಮೇಷ್ಟ್ರು ಹೇಳಿದ್ದಕ್ಕೆ ನಂದೂ ಸಹಿ. ಇನ್ನು ತುಂಬಿಸೋ ವಿಷಯ, ಅರ್ಧ ಜನ ಕೆಡೋದು ಇಲ್ಲೇ. ಒಳಗಿನ ಕೆಸರು ಹೋಗೋವರೆಗೂ ಸಾದಾ ನೀರಲ್ಲಿ ಫ್ಲಶ್ ಮಾಡ್ಸಿ, ಕೊನೇ ಸಲ ಡಿಸ್ಟಿಲ್ಡ್ ವಾಟರ್. ಆಮೇಲೆ ಕೂಲಂಟ್. ಕ್ಯಾನ್ ಮೇಲೆ ರೆಡಿ ಮಿಕ್ಸ್ ಅಂತಿದ್ರೆ ಹಾಗೇ ಸುರೀರಿ, ಕಾನ್ಸಂಟ್ರೇಟ್ ಆದ್ರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸ್ಬೇಕು. ಹಸಿರು ಕೆಂಪು ಒಂದಕ್ಕೊಂದು ಬೆರೆಸೋದು ಬೇಡ.

ಗಾಡಿ ಮೂತಿ ಸ್ವಲ್ಪ ಎತ್ತರಕ್ಕೆ ಬರೋ ಹಾಗೆ ಇಳಿಜಾರಲ್ಲಿ ನಿಲ್ಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಕ್ಯಾಪ್ ತೆಗೆದೇ ಐಡಲಲ್ಲಿ ಬಿಡಿ. ನೀರು ಇಳೀತಾ ಇರುತ್ತೆ ಹಾಕ್ತಾ ಇರಿ. ವಾಲ್ ತೆರ್ಕೊಂಡಾಗ ಒಮ್ಮೆಗೇ ದಪಕ್ ಅಂತ ಇಳಿಯುತ್ತೆ, ಮೇಲಿನ ಹೋಸ್ ಬಿಸಿ ಆಗುತ್ತೆ. ಆಗ ಬಟ್ಟೆ ಹಿಡ್ಕೊಂಡು ಹೋಸನ್ನ ಒತ್ತಿ ಒತ್ತಿ ಬಿಟ್ರೆ ಗುಳ್ಳೆ ಹೊರಗೆ ಬರುತ್ತೆ. ಮುಖ ಮೇಲೆ ಬಗ್ಗಿಸ್ಬೇಡಿ. ಗುಳ್ಳೆ ನಿಂತ್ಮೇಲೆ ಕ್ಯಾಪ್ ಹಾಕಿ ಫ್ಯಾನ್ ತಾನಾಗೇ ತಿರುಗೋವರೆಗೂ ಕಾಯಿರಿ. ಫ್ಯಾನ್ ತಿರುಗದೇ ಮುಳ್ಳು ಏರ್ತಾ ಹೋದ್ರೆ ಫ್ಯೂಸು, ರಿಲೇ, ಸ್ವಿಚ್ ನೋಡ್ಬೇಕು, ಅದು ಬೇರೆ ಕಥೆ. ಮಾರನೇ ದಿನ ತಣ್ಣಗಿದ್ದಾಗ ರೇಡಿಯೇಟರ್ ಬಾಯೂ ನೋಡಿ ಬಾಟ್ಲೂ ನೋಡಿ, ಬರೀ ಬಾಟ್ಲಿ ನೋಡಿ ತುಂಬಿದೆ ಅನ್ಕೋಬೇಡಿ.

ಹಳೇಜೆನ್_ಮಂಡ್ಯ

ಎಲ್ಲಾ ಮುಗೀತು. ಪೈಪು, ಹೋಸು, ಕೂಲಂಟು, ಲೇಬರ್ರು ಎಲ್ಲಾ ಸೇರಿ ಆ ಹೆಡ್ ಕೊಟೇಶನ್ನಿನ ಕಾಲುಭಾಗಾನೂ ಆಗ್ಲಿಲ್ಲ. ಬಿಡೋ ಮುಂಚೆ ಮತ್ತೆ ಟೆಸ್ಟರ್ ಹಾಕಿಸ್ದೆ, ನಾವು ಟೀ ಕುಡಿದು ಬಂದ್ರೂ ಮುಳ್ಳು 0.9 ಬಿಟ್ಟು ಕದಲಿಲ್ಲ. ಎಸಿ ಹಾಕ್ಕೊಂಡು ಚಾಮುಂಡಿ ಬೆಟ್ಟ ಹತ್ತಿಸ್ದೆ, ಮೇಲೆ ಹೋಗಿ ನಿಲ್ಸಿದ್ಮೇಲೆ ಫ್ಯಾನ್ ಒಂದ್ಸಲ ತಿರುಗಿ ನಿಂತ್ಕೊಳ್ತು, ಮುಳ್ಳು ಅರ್ಧಕ್ಕಿಂತ ಕೆಳಗೇ.

ಒಂದು ಅನುಮಾನ, ಬದಲಾಯಿಸಿದಾಗ ಇಳಿಸಿದ ಹಳೇ ನೀರನ್ನ ಬಕೆಟಲ್ಲಿ ಕೊಟ್ಟಿದ್ದಾರೆ, ತೆಂಗಿನ ಗಿಡಕ್ಕೆ ಸುರೀಬೋದಾ?

ಕೆಎ09_ಸ್ಯಾಂಟ್ರೋ

ಯಪ್ಪಾ ಬೇಡ. ಅದು ಸಿಹಿಯಾಗಿರುತ್ತೆ, ನಾಯಿ ಬೆಕ್ಕು ನೆಕ್ತವೆ, ಸ್ವಲ್ಪಕ್ಕೇ ಕಿಡ್ನಿ ಹೋಗಿ ಸಾಯ್ತವೆ. ಹಸು ಕಟ್ಟೋ ಜಾಗ, ಮಕ್ಕಳು ಆಡೋ ಜಾಗ, ಬಾವಿ ಬೋರ್ ಹತ್ರ ಎಲ್ಲೂ ಬೇಡ. ಮುಚ್ಚಳ ಇರೋ ಕ್ಯಾನಿಗೆ ತುಂಬಿ ಮೇಲೆ ವಿಷ ಅಂತ ಬರೆದು, ಹಳೇ ಆಯಿಲ್ ತಗೊಳ್ಳೋ ವರ್ಕ್‌ಶಾಪಲ್ಲಿ ಇದನ್ನೂ ತಗೋತಾರಾ ಕೇಳಿ, ಆಯಿಲ್ ಜೊತೆ ಮಾತ್ರ ಬೆರೆಸ್ಬೇಡಿ.

ಮದ್ದೂರ್_ವಡೆ

ಇದೆಲ್ಲ ಓದ್ಬುಟ್ಟು ಈಗ್ಲೇ ಹೋಗಿ ನಮ್ ಗೂಡ್ಸ್ ಗಾಡಿ ಕ್ಯಾಪ್ ತೆಗೆದ್ ನೋಡ್ದೆ, ಅದ್ರಲ್ಲೂ ರಬ್ಬರ್ ಸೀಳೋಗೈತೆ. ಮನೇಲಿ ಒಂದ್ 1.1 ಅಂತ ಬರ್ದಿರೋ ಕ್ಯಾಪ್ ಬಿದ್ದೈತೆ, ಗಟ್ಟಿ ಇರ್ಲಿ ಅಂತ ಅದ್ನೇ ಹಾಕ್ಬುಡ್ಲಾ ಸ್ಪ್ಯಾನರಣ್ಣ?

ಸ್ಪ್ಯಾನರ್_ಮೈಸೂರು

ಗಾಡೀಲಿರೋ ಹಳೇ ಕ್ಯಾಪ್ ಮೇಲೆ ಏನ್ ನಂಬರ್ ಹೊಡೆದಿದೆ ನೋಡಿ, ಕಂಪ್ನಿ ಪುಸ್ತಕ ಇದ್ರೆ ಅದ್ರಲ್ಲೂ ತಾಳೆ ನೋಡಿ, ಅದೇ ನಂಬರ್ ತಗೊಂಡು ಹಾಕಿ. ಹಾಕೋ ಮುಂಚೆ ಒಂದ್ಸಲ ಹೋಸ್‌ಗಳನ್ನೆಲ್ಲ ಹಿಸುಕಿ ನೋಡ್ಬಿಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ರೂ ಬದಲಾಯಿಸಿ, ಉಬ್ಬಿ ಮೆತ್ತಗಾಗಿದ್ರೂ ಬದಲಾಯಿಸಿ. ಇಲ್ಲಾಂದ್ರೆ ಮುಂದಿನ ವಾರ ನೀವೇ ಇಲ್ಲಿ ಹೊಸ ಪೋಸ್ಟ್ ಹಾಕ್ತೀರ.